ಮಂಗಳವಾರದ ಬೆಂಡು

ನಾನು ಒಂದು ಗಾಳದ ಬೆಂಡು. ನೀರಿನ ಮೇಲೆ ಅರ್ಧ, ನೀರಿನೊಳಗೆ ಅರ್ಧ ನಿಲ್ಲುವುದು ನನ್ನ ಕೆಲಸ. ಕೆಳಗೆ ಮೀನು ಮುಟ್ಟಿದರೆ ನಾನು ಮೇಲೆ ಅಲುಗಬೇಕು, ಎಳೆದರೆ ಮುಳುಗಬೇಕು. ದಡದಲ್ಲಿ ಕೂತವರೆಲ್ಲ ಬೇರೇನೂ ನೋಡುವುದಿಲ್ಲ, ನನ್ನನ್ನೇ ನೋಡುತ್ತಾರೆ. ಅಷ್ಟು ಕಣ್ಣು ಮೈಮೇಲೆ ಬಿದ್ದರೆ ಯಾರಿಗೆ ತಾನೇ ನೆಮ್ಮದಿ ಹೇಳಿ! ಹುಟ್ಟಿದಾಗಿನಿಂದ ನನ್ನದು ಹೆದರಿ ಸಾಯುವ ಜೀವ.

ಮೊದಲು ನಾನು ನವಿಲಿನ ಬಾಲದ ಗರಿಯಾಗಿದ್ದೆ. ರಾಗಿ ಹೊಲದ ಬದುವಿನಲ್ಲಿ ಉದುರಿ ಬಿದ್ದಿದ್ದ ನನ್ನನ್ನು ಚೆಲುವಯ್ಯ ಎತ್ತಿಕೊಂಡು ಬಂದ. ಚೆಂದದ ಕಣ್ಣಿನ ಭಾಗವನ್ನು ಅವನ ಮಗಳು ಪುಸ್ತಕದೊಳಗೆ ಇಟ್ಟುಕೊಂಡಳು, ಬೋಳು ದಂಟು ಅಪ್ಪನ ಪಾಲಿಗೆ ಬಂತು. ಚೆಲುವಯ್ಯನದು ಊರಿನ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಕಟಿಂಗ್ ಶಾಪು. ಅವನ ಅಪ್ಪನ ಕಾಲದ ಹಳೇ ಕ್ಷೌರದ ಕತ್ತಿ ಒಂದಿತ್ತು. ಅದರಿಂದ ನನ್ನ ಎರಡು ತುದಿ ಕತ್ತರಿಸಿದ, ಮೈ ಹೆರೆದ. ಆ ಕತ್ತಿ ಹತ್ತಿರ ಬಂದಾಗ ನನಗೆ ಜೀವವೇ ಹೋದಂತಾಯಿತು. ಆದರೆ ಅವನ ಕೈ ಎಷ್ಟು ಸ್ಥಿರವಾಗಿತ್ತೆಂದರೆ, ಕತ್ತಿ ಮೈಮೇಲೆ ಹರಿದದ್ದೇ ಗೊತ್ತಾಗಲಿಲ್ಲ. ಆಮೇಲೆ ಮೇಣ ಸವರಿ, ಮಗಳ ನೈಲ್ ಪಾಲಿಶ್ ಕದ್ದು ತಂದು ನನ್ನ ತಲೆಗೆ ಕೆಂಪು ಹಚ್ಚಿದ. ಮನೆಯಲ್ಲಿ ಅದಕ್ಕೊಂದು ದೊಡ್ಡ ರಂಪವೇ ಆಯಿತಂತೆ.

ಚೆಲುವಯ್ಯ ನನ್ನನ್ನು ಮಾಡಿದ್ದು ಸ್ನೇಹಿತ ಕೆಂಚೇಗೌಡನಿಗೆ ಕೊಡಲು. ಕೆಂಚೇಗೌಡನಿಗೆ ಊರಲ್ಲಿ ಹಿಟ್ಟಿನ ಗಿರಣಿ. ಆಳು ಒಳ್ಳೆಯವನೇ, ಆದರೆ ತಾಳ್ಮೆ ಅನ್ನುವುದು ಸುತರಾಂ ಇಲ್ಲ. ಮೊದಲನೇ ದಿನವೇ ಗಾಳದ ಕೋಲನ್ನು ಆ ರಭಸಕ್ಕೆ ಹಿಂದೆ ಬೀಸಿದ, ನಾನು ದಡದ ಜಾಲಿ ಮರಕ್ಕೆ ಸಿಕ್ಕಿಕೊಂಡೆ. ದಾರ ಕಿತ್ತುಕೊಂಡು ಅವನು ಹೊರಟೇ ಹೋದ. ಒಂದು ಮಳೆಗಾಲ ಪೂರ್ತಿ ಮುಳ್ಳಿನ ನಡುವೆ ನೇತಾಡಿದೆ. ಕೊನೆಗೆ ಅವರ ಮೂರನೇ ಗೆಳೆಯ, ಸೈಕಲ್ ಶಾಪಿನ ಗೌಸ್, ಸೈಕಲ್ ಚಕ್ರದ ಒಂದು ಹಳೇ ಕಡ್ಡಿಯನ್ನು ಕೊಕ್ಕೆಯಂತೆ ಬಗ್ಗಿಸಿ ನನ್ನನ್ನು ಇಳಿಸಿದ. ಗೌಸ್ ಮಾತು ಕಡಿಮೆ, ಕಣ್ಣು ಹೆಚ್ಚು. "ಗೌಡನ್ ಕೈಗೆ ಇದು ಬ್ಯಾಡ, ಮಾಡ್ದೋನೇ ಮಡೀಕ್ಕೊಳ್ಲಿ" ಎಂದು ಚೆಲುವಯ್ಯನಿಗೇ ಕೊಟ್ಟ. ಅಂದಿನಿಂದ ನಾನು ಚೆಲುವಯ್ಯನವನು.

ಮೂವರೂ ಒಂದೇ ಬೆಂಚಿನಲ್ಲಿ ಓದಿದವರು. ಮಂಗಳವಾರ ಕ್ಷೌರಿಕರು ಯಾರಿಗೂ ಕ್ಷೌರ ಮಾಡುವುದಿಲ್ಲ, ಚೆಲುವಯ್ಯನ ಅಂಗಡಿಗೆ ರಜ. ಹಾಗಾಗಿ ಉಳಿದಿಬ್ಬರೂ ಅಂದೇ ತಮ್ಮ ಬಾಗಿಲು ಹಾಕಿಕೊಂಡು ಕೆರೆಗೆ ಬರುತ್ತಿದ್ದರು. ಊರಲ್ಲಿ ನಾಲ್ಕು ಜನರ ಮುಂದೆ ಚೆಲುವಯ್ಯ ಯಾವತ್ತೂ "ಗೌಡ್ರೇ" ಎನ್ನುತ್ತಿದ್ದ. ಕೆರೆ ಏರಿ ಹತ್ತಿದರೆ ಸಾಕು, ಗೌಡರು "ಲೋ ಕೆಂಚ" ಆಗಿಬಿಡುತ್ತಿದ್ದರು.

ಆ ಕೆರೆಯಲ್ಲಿ ಒಂದು ಮುದಿ ಗೆಂಡೆ ಮೀನಿತ್ತು. ರೆಕ್ಕೆಯೆಲ್ಲ ಕೆಂಪು, ಬೆನ್ನು ಹಲಗೆಯಷ್ಟು ಅಗಲ. ಮೂವರೂ ಅದಕ್ಕೆ "ಅಜ್ಜಿ" ಎಂದು ಹೆಸರಿಟ್ಟಿದ್ದರು. ಎರಡು ಸಲ ಕೆಂಚೇಗೌಡನ ದಾರ ಹರಿದುಕೊಂಡು ಹೋಗಿತ್ತು. ಸಣ್ಣ ಮೀನು ಸಾರಿಗೆ, ಮೊಳ ದಾಟಿದ್ದು ಮತ್ತೆ ನೀರಿಗೆ. ಅದು ಅವರ ಕಟ್ಟಳೆ. ಆದರೂ ಅಜ್ಜಿಯನ್ನು ಒಂದು ಸಲ ಕೈಯಲ್ಲಿ ಹಿಡಿದು ಮೊಳ ಹಾಕಬೇಕೆಂಬ ಹುಚ್ಚು ಮೂವರಿಗೂ ಇತ್ತು. ಗೆಂಡೆ ಬಲು ಜಾಣ ಮೀನು. ಮೊದಲು ತುಟಿ ತಾಗಿಸಿ ನೋಡುತ್ತದೆ, ಆಗ ನಾನು ಸಣ್ಣಗೆ ನಡುಗುತ್ತೇನೆ. ಆ ನಡುಕ ಕಂಡಾಗಲೇ ಕೋಲು ಹಿಡಿದವನು ಎಚ್ಚರಾಗಬೇಕು.

ನನ್ನ ಚಿಂತೆ ಶುರುವಾದದ್ದು ಆ ನಡುಕದಿಂದಲೇ. ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ ನಾನು ನೀರಿನಲ್ಲಿ ನಿಂತವನು ಕಾರಣವಿಲ್ಲದೆ ನಡುಗತೊಡಗಿದೆ. ಕೆಳಗೆ ನೋಡಿದರೆ ಮೀನಿಲ್ಲ, ಗಾಳಿಯೂ ಇಲ್ಲ. ನಡುಕ ಬರುತ್ತಿದ್ದದ್ದು ಮೇಲಿನಿಂದ, ಕೋಲಿನಿಂದ ದಾರಕ್ಕೆ, ದಾರದಿಂದ ನನಗೆ. ಅಯ್ಯೋ, ಇದು ಚೆಲುವಯ್ಯನ ಕೈ! ತೊಡೆಯ ಮೇಲೆ ಸುಮ್ಮನೆ ಇಟ್ಟ ಬಲಗೈ ತಂತಾನೇ ಅದುರುತ್ತಿತ್ತು. ಅವನು ಅತ್ತಿತ್ತ ನೋಡಿ ಎಡಗೈಯಿಂದ ಅದನ್ನು ಅದುಮಿ ಹಿಡಿದ. ವಾರವಾರವೂ ಅದು ಹೆಚ್ಚುತ್ತಾ ಹೋಯಿತು. ಗೆಳೆಯರಿಬ್ಬರಿಗೂ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತು. ಬಾಯಿಲ್ಲದವನಿಗೆ ಇಂಥ ಗುಟ್ಟು ಗೊತ್ತಾಗಬಾರದು ನೋಡಿ, ಎದೆ ಒಡೆದುಹೋಗುತ್ತದೆ.

ಅಷ್ಟರಲ್ಲಿ ಕೆಂಚೇಗೌಡನ ಮಗ ಲೋಕೇಶನ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆಯಲ್ಲಿ ಚಪ್ಪರದಡಿ ಹಸೆ ಹಾಸಿ, ನೆಂಟರಿಷ್ಟರ ಮುಂದೆ ಮದುವಣಿಗನನ್ನು ಕೂರಿಸಿ, ಮನೆತನದ ಕ್ಷೌರಿಕ ಗಡ್ಡ ತೆಗೆಯಬೇಕು. ಕೆಂಚೇಗೌಡನ ಅಪ್ಪನಿಗೆ ಚೆಲುವಯ್ಯನ ಅಪ್ಪ ತೆಗೆದಿದ್ದ, ಕೆಂಚೇಗೌಡನಿಗೆ ಚೆಲುವಯ್ಯ. ಹಸೆಯ ಮೇಲೆ ಒಂದು ತೊಟ್ಟು ರಕ್ತ ಬಿದ್ದರೂ ಅಪಶಕುನ. ಹೆಣ್ಣಿನ ಕಡೆಯವರು ಎದ್ದು ನಿಲ್ಲುತ್ತಾರೆ. ಈಗ ಈ ಕೈಯಲ್ಲಿ ಲೋಕೇಶನ ಕುತ್ತಿಗೆಯ ಮೇಲೆ ಕತ್ತಿ ಆಡಬೇಕು. ಯೋಚಿಸಿದಾಗೆಲ್ಲ ನನ್ನ ಮೇಣ ಕರಗುತ್ತಿತ್ತು.

ಮದುವೆ ಗುರುವಾರ. ಅದರ ಹಿಂದಿನ ಮಂಗಳವಾರವೂ ಮೂವರೂ ಬಂದರು. ಮನೆ ತುಂಬ ಕೆಲಸವಿದ್ದರೂ ಕೆಂಚೇಗೌಡ ಹೆಂಡತಿಯ ಕಣ್ಣು ತಪ್ಪಿಸಿ ಬಂದಿದ್ದ. ರಾಗಿಹಿಟ್ಟಿಗೆ ಕಡಲೆಹಿಂಡಿ ಕಲಸಿ ಗೋಲಿ ಮಾಡಿ ಗಾಳದ ಮುಳ್ಳಿಗೆ ಚುಚ್ಚಿದರು. ನಾನು ನೀರಿಗೆ ಬಿದ್ದೆ. ಬಿದ್ದ ಗಳಿಗೆಯಿಂದ ನಡುಕ.

"ಎಳೀಲಾ ಚೆಲುವ, ಮುಟ್ತಾ ಅದೆ!" ಎಂದು ಕೆಂಚೇಗೌಡ ಕೂಗಿದ.

ಚೆಲುವಯ್ಯ ಎಳೆದ. ಹಿಟ್ಟು ಹಾಕಿದ ಹಾಗೇ ಇತ್ತು. ಮತ್ತೆ ಬಿಟ್ಟ, ಮತ್ತೆ ನಡುಕ, ಮತ್ತೆ ಕೂಗು.

"ಏನ್ಲಾ ಇದು, ಬೆಂಡು ಕುಣೀತದೆ, ಹಿಟ್ಟು ಅಂಗೇ ಅದೆ! ಅಜ್ಜಿ ನಮ್ಮುನ್ನ ಆಟ ಆಡಿಸ್ತಾವ್ಳೆ ಕಣೋ."

ಚೆಲುವಯ್ಯ ಬೆವರು ಒರೆಸಿಕೊಂಡು ಕೋಲನ್ನು ಎರಡು ಕಲ್ಲಿನ ನಡುವೆ ಇಟ್ಟ. ನಾನು ತಟ್ಟನೆ ನಿಂತುಬಿಟ್ಟೆ. ಗೌಸ್ ನನ್ನನ್ನು ನೋಡಿದ, ಕೋಲನ್ನು ನೋಡಿದ, ಆಮೇಲೆ ಗೆಳೆಯನ ಕೈ ನೋಡಿದ. ಅವನು ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಲೋಟವನ್ನು ಅರ್ಧಕ್ಕೇ ನಿಲ್ಲಿಸಿ ಚೆಲುವಯ್ಯನಿಗೆ ಕೊಟ್ಟ.

"ಕಲ್ ಮೇಲ್ ಮಡಗಿದ್ರೆ ಗೆಂಡೆ ಸಿಕ್ಕದೇನ್ಲಾ? ಕೈಗ್ ತಕೊ" ಎಂದು ಕೆಂಚೇಗೌಡ ಗದರಿದ. ಚೆಲುವಯ್ಯ ಟೀ ಕುಡಿದು ಕೋಲನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡ. ನಡುಕ ಮರಳಿ ಬಂತು.

ಆಗಲೇ ಕೆಳಗೆ ನೀರು ಕಪ್ಪಾಯಿತು. ಅಗಲವಾದ ಒಂದು ಬೆನ್ನು ನಿಧಾನಕ್ಕೆ ಬಂದು ಹಿಟ್ಟಿನ ಮುಂದೆ ನಿಂತಿತು. ಕೆಂಪು ರೆಕ್ಕೆ! ಅಜ್ಜಿ! ತುಟಿ ತಾಗಿಸಿದಳು, ನಾನು ನಡುಗಿದೆ. ಆದರೆ ಮೊದಲೇ ನಡುಗುತ್ತಿದ್ದವನು ನಾನು, ಇದು ಬೇರೆ ನಡುಕ ಎಂದು ಯಾರಿಗೆ ಹೇಗೆ ತಿಳಿಸಲಿ? ಚೆಲುವಯ್ಯ ನನ್ನನ್ನೇ ನೋಡುತ್ತಿದ್ದ, ಕೈ ಮಾತ್ರ ಎತ್ತಲಿಲ್ಲ. ಅವನಿಗೆ ನನ್ನ ಮೇಲಿನ ನಂಬಿಕೆಯೇ ಹೋಗಿತ್ತು. ಎಳಿಯಪ್ಪಾ, ಎಳಿ, ನಿನ್ನ ದಮ್ಮಯ್ಯ ಎಂದು ಒಳಗೊಳಗೇ ಬಡಿದುಕೊಂಡೆ.

"ಮುಟ್ತಾ ಅದೆ ಕಣ್ಲಾ! ಎಳಿಯೋ!" ಕೆಂಚೇಗೌಡ ಎದ್ದು ನಿಂತ.

"ಮೀನಲ್ಲ ಬುಡೋ."

"ಮೀನಲ್ದೆ ಇನ್ನೇನ್ಲಾ ಅದು?"

"ನನ್ ಕೈ ಕಣೋ ಕೆಂಚ!" ಚೆಲುವಯ್ಯ ಕೂಗಿಬಿಟ್ಟ. "ಬೆಳಗಿಂದ ಬೆಂಡು ಕುಣಿಸ್ತಿರೋದು ನನ್ ಕೈ. ಮೀನಲ್ಲ."

ಆ ಮಾತು ಮುಗಿಯುವ ಮೊದಲೇ ನಾನು ಗುಳುಂ ಎಂದು ಮುಳುಗಿದೆ.

ಮುಂದಿನದು ನನಗೆ ನೀರಿನೊಳಗಿನಿಂದ ತಿಳಿದದ್ದು. ದಾರ ಬಿಗಿಯಾಯಿತು. ಅಜ್ಜಿ ಜೊಂಡಿನ ಕಡೆ ನುಗ್ಗಿದಳು, ಚೆಲುವಯ್ಯ ಕೋಲು ಬಾಗಿಸಿ ತಡೆದ. ಎಳೆದಾಗ ಬಿಟ್ಟ, ಬಿಟ್ಟಾಗ ಸೆಳೆದ. ಅಷ್ಟೂ ಹೊತ್ತು ದಾರದಲ್ಲಿ ಮೀನಿನ ಜಗ್ಗಾಟ ಇತ್ತೇ ಹೊರತು ಬೇರೆ ನಡುಕ ಇರಲಿಲ್ಲ. ನನ್ನನ್ನು ಹೆರೆದ ದಿನದ ಕೈ ಅದು. ಗೌಸ್ ಸೊಂಟದವರೆಗೆ ನೀರಿಗಿಳಿದು ಕೈಬಲೆ ಹಿಡಿದ. ಅಜ್ಜಿ ದಡಕ್ಕೆ ಬಂದಾಗ ಕೆಂಚೇಗೌಡ ತನ್ನ ಮೊಳಕೈ ಆನಿಸಿ ಅಳೆದ. ಮೊಳ ದಾಟಿ ಇನ್ನೂ ನಾಲ್ಕು ಬೆರಳು. ಮೂವರೂ ಒಂದೊಂದು ಸಲ ಮುಟ್ಟಿದರು, ಮುಳ್ಳು ಬಿಡಿಸಿದರು, ನೀರಿಗೆ ಬಿಟ್ಟರು. ಯಾರೂ ಕೇಕೆ ಹಾಕಲಿಲ್ಲ.

"ಎಷ್ಟು ದಿನ್ದಿಂದ್ಲಾ?" ಎಂದು ಕೊನೆಗೆ ಕೆಂಚೇಗೌಡ ಕೇಳಿದ.

"ಯುಗಾದಿ ಆದ್ಮೇಲಿಂದ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ವಾಸಿ ಆಯ್ತದೆ ಅಂತ ಯೋಳ್ನಿಲ್ಲ." ಚೆಲುವಯ್ಯ ನೆಲ ನೋಡುತ್ತಿದ್ದ. "ಗುರುವಾರಕ್ಕೆ ನಮ್ಮಣ್ಣನ್ ಮಗುನ್ನ ಕಳುಸ್ತೀನಿ. ಒಳ್ಳೆ ಕೈ ಅವುಂದು, ಅಂಗ್ಡೀಲೂ ಈಗ ಅವ್ನೇ ಗಡ್ಡ ತೆಗಿಯೋದು. ಒಂದ್ ತೊಟ್ಟು ರಕ್ತ ಹಸೆ ಮೇಲ್ ಬಿದ್ರೆ, ನಿನ್ ಮಗ ಜೀವಮಾನೆಲ್ಲ ನನ್ನ ನೆನಸ್ಕೊಂಡು ಕೊರಗಬೇಕಾ?"

"ಮೂರ್ ತಿಂಗ್ಳಿಂದ ಬಚ್ಚಿಟ್ಕೊಂಡಿದ್ದೀಯಲ್ಲಾ, ನಾವೇನ್ ಸತ್ತೋಗಿದ್ವಾ?" ಕೆಂಚೇಗೌಡನಿಗೆ ಸಿಟ್ಟೂ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.

ಗೌಸ್ ಪಂಚೆ ಹಿಂಡಿಕೊಳ್ಳುತ್ತಾ ಮೆಲ್ಲಗೆ ಹೇಳಿದ. "ಮೀನ್ ಎಳೀವಾಗ ನಡುಗ್ನಿಲ್ಲ. ನಾನು ನೋಡ್ದೆ."

ಕೆಂಚೇಗೌಡ ಸ್ವಲ್ಪ ಹೊತ್ತು ತನ್ನ ಬೆಳೆದ ಗಡ್ಡ ಸವರಿಕೊಂಡ. ಆಮೇಲೆ ಹೋಗಿ ಕಲ್ಲಿನ ಮೇಲೆ ಕೂತು ಕತ್ತೆತ್ತಿದ. "ಬಾ. ತೆಗಿ ಕತ್ತಿ."

"ಥೂ, ಇವತ್ತು ಮಂಗಳವಾರ ಕಣೋ!"

"ಮಂಗಳವಾರದ್ ಮನೆ ಹಾಳಾಗ. ನನ್ ಮಗುಂಗಿಂತ ಮೊದ್ಲು ನಂಗ್ ತೆಗಿ. ಕುಯ್ದ್ರೆ ನನ್ ಕುತ್ಗೆ ಕುಯ್ಲಿ."

ದಾರ ಕತ್ತರಿಸಲು ಚೆಲುವಯ್ಯ ಅಪ್ಪನ ಹಳೇ ಕತ್ತಿಯನ್ನು ಯಾವಾಗಲೂ ತರುತ್ತಿದ್ದ. ಗ್ರೀಸ್ ತೊಳೆಯಲು ಗೌಸನ ಜೇಬಿನಲ್ಲಿ ಸೋಪಿನ ಚೂರು ಇರುತ್ತಿತ್ತು. ಕತ್ತಿಯನ್ನು ಕಲ್ಲಿಗೆ ಮಸೆದು, ಬೆಲ್ಟಿಗೆ ಸವರಿ, ಕೆರೆಯ ನೀರಿನಲ್ಲಿ ಸೋಪು ನೊರೆ ಮಾಡಿದರು. ನಾನು ಪಕ್ಕದಲ್ಲಿ ನೆಟ್ಟ ಕೋಲಿನಿಂದ ನೇತಾಡುತ್ತಿದ್ದೆ. ಕಣ್ಣು ಮುಚ್ಚಿಕೊಳ್ಳೋಣವೆಂದರೆ ನನಗೆ ರೆಪ್ಪೆಯಿಲ್ಲ.

ಕತ್ತಿ ಗಾಳಿಯಲ್ಲಿ ಬರುವಾಗ ನಡುಗುತ್ತಲೇ ಬಂತು. ದೇವರೇ, ಬೇಡ ಅನ್ನಿ ಯಾರಾದರೂ ಎಂದುಕೊಂಡೆ. ಚೆಲುವಯ್ಯ ಕಿರುಬೆರಳನ್ನು ಗೆಳೆಯನ ಗಲ್ಲಕ್ಕೆ ಆನಿಸಿದ, ಉಸಿರು ಬಿಗಿಹಿಡಿದ. ಕತ್ತಿ ಚರ್ಮಕ್ಕೆ ತಾಗಿತು. ನಡುಕ ನಿಂತಿತು. ಕೆನ್ನೆ ಆಯಿತು. ಗಂಟಲಿನ ಹತ್ತಿರ ಬಂದಾಗ ಗೌಸ್ ನೋಡಲಾರದೆ ಕೆರೆಯ ಕಡೆ ತಿರುಗಿಕೊಂಡ. ವಟವಟ ಎನ್ನುವ ಕೆಂಚೇಗೌಡ ಜೀವನದಲ್ಲಿ ಅಷ್ಟು ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಚೆಲುವಯ್ಯ ಟವೆಲ್ಲಿನಿಂದ ಮುಖ ಒರೆಸಿ ಆ ಬಿಳಿ ಟವೆಲ್ಲನ್ನು ಬಿಸಿಲಿಗೆ ಹಿಡಿದು ನೋಡಿದ. ಒಂದು ಚುಕ್ಕೆ ರಕ್ತ ಇರಲಿಲ್ಲ.

"ಲೋಕೇಶಂದೇ ಕೊನೇದು. ಆಮೇಲೆ ಕತ್ತಿ ಮಡಗ್ಬುಡ್ತೀನಿ" ಎಂದ ಚೆಲುವಯ್ಯ.

ಗುರುವಾರ ಅವನು ನನ್ನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚಪ್ಪರಕ್ಕೆ ಹೋದ. ಧೈರ್ಯಕ್ಕೆಂದು ಪುಕ್ಕಲನನ್ನು ಕರೆದೊಯ್ಯುವವನು ಅವನೊಬ್ಬನೇ ಇರಬೇಕು. ಒಳಗೆ ಅವನ ಎದೆ ಬಡಿಯುತ್ತಿತ್ತು, ಹೊರಗೆ ವಾಲಗ. ನನಗೆ ಏನೂ ಕಾಣಲಿಲ್ಲ. ವಾಲಗ ನಿಂತು, ನೆಂಟರ ಮಾತೂ ನಿಂತು, ಬಹಳ ಹೊತ್ತು ಕತ್ತಿಯ ಕರಕರ ಸದ್ದು ಮಾತ್ರ ಕೇಳಿತು. ಆಮೇಲೆ ಚೆಲುವಯ್ಯನ ದನಿ ಬಂತು.

"ಆಯ್ತು ಕಣ್ಲಾ ಕೆಂಚ!"

ಗಾಬರಿಯಲ್ಲಿ ಅವನು ಊರು, ಜನ, ಚಪ್ಪರ ಎಲ್ಲ ಮರೆತಿದ್ದ. ಹೆಣ್ಣಿನ ಕಡೆಯ ಯಾರೋ ಹಿರಿಯರು ಕೆಮ್ಮಿದರು. ಕೆಂಚೇಗೌಡ ಅಷ್ಟೇ ಗಟ್ಟಿಯಾಗಿ, "ಊಂ ಕಣ್ಲಾ ಚೆಲುವ, ಆಯ್ತು" ಎಂದು ಬಂದು ಅವನನ್ನು ತಬ್ಬಿಕೊಂಡ. ನಡುವೆ ಸಿಕ್ಕಿ ನನ್ನ ಮೈ ಲಟಕ್ಕೆಂದು ಸೀಳಿತು.

ಗೌಸ್ ಸೈಕಲ್ ಟ್ಯೂಬಿನ ಅಂಟು ಹಚ್ಚಿ ನನ್ನನ್ನು ರಿಪೇರಿ ಮಾಡಿದ. ಆಮೇಲೆ ಎಷ್ಟೋ ವರ್ಷ ಕೆರೆಗೆ ಹೋದೆವು. ಚೆಲುವಯ್ಯನ ನಡುಕ ಹೆಚ್ಚಿತು, ನಾನು ಸದಾ ಕುಣಿಯುತ್ತಿದ್ದೆ. ಆದರೆ ಈಗ ಮುಚ್ಚುಮರೆ ಇರಲಿಲ್ಲ. ನಾನು ಅಲುಗಿದಾಗೆಲ್ಲ ಗೌಸ್ ಕೇಳುತ್ತಿದ್ದ, "ಮೀನಾ, ಕೈಯಾ?" ಚೆಲುವಯ್ಯ ನಗುತ್ತಾ "ಕೈ" ಎನ್ನುತ್ತಿದ್ದ. ಒಮ್ಮೊಮ್ಮೆ ಮೀನೂ ಇರುತ್ತಿತ್ತು. ಬರಬರುತ್ತಾ ಅವನನ್ನು ಇಬ್ಬರೂ ತೋಳು ಹಿಡಿದು ಏರಿ ಹತ್ತಿಸಬೇಕಾಯಿತು. ಆಮೇಲೆ ಅದೂ ಆಗಲಿಲ್ಲ. ಒಂದು ಚಳಿಗಾಲ ಅವನು ತೀರಿಹೋದ. ನಾನು ಅಂಗಡಿಯ ಕನ್ನಡಿಯ ಹಿಂದೆ, ಆ ಹಳೇ ಕತ್ತಿಯ ಪಕ್ಕದಲ್ಲಿ ಧೂಳು ಹಿಡಿದು ಕೂತೆ.

ಮೊನ್ನೆ ಕೆಂಚೇಗೌಡ ಬಂದು, ಆ ಬೆಂಡು ಬೇಕೆಂದು ಕೇಳಿ ನನ್ನನ್ನು ತೆಗೆದುಕೊಂಡ. ಅವನ ತಲೆಯೂ ಬೆಳ್ಳಗಾಗಿದೆ. ಅದೇ ಕೆರೆ, ಅದೇ ಕಲ್ಲು, ಪಕ್ಕದಲ್ಲಿ ಗೌಸ್. ನೀರಿಗೆ ಬಿದ್ದು ನೆಟ್ಟಗೆ ನಿಂತೆ, ನಡುಕ ಬರಲೆಂದು ಕಾದೆ. ಬರಲಿಲ್ಲ. ಅಷ್ಟು ವರ್ಷ ಆ ನಡುಕಕ್ಕೆ ಹೆದರಿದ ನನಗೆ, ಅಲುಗಾಡದ ನೀರಿನಲ್ಲಿ ನಿಲ್ಲುವುದು ಅದಕ್ಕಿಂತ ದೊಡ್ಡ ಹೆದರಿಕೆಯಾಯಿತು.

ಆಗ ಕೋಲಿನಿಂದ ದಾರಕ್ಕೆ, ದಾರದಿಂದ ನನಗೆ, ಒಂದು ಸಣ್ಣ ನಡುಕ ಬಂತು. ಕೆಳಗೆ ನೋಡಿದೆ, ಮೀನಿಲ್ಲ. ಮೇಲೆ ನೋಡಿದೆ. ಕೆಂಚೇಗೌಡ ಕಣ್ಣು ಮುಚ್ಚಿಕೊಂಡು, ಬೇಕೆಂದೇ ಕೈ ನಡುಗಿಸುತ್ತಿದ್ದ.

ಗೌಸ್ ನನ್ನನ್ನೇ ನೋಡುತ್ತಾ ಕೇಳಿದ. "ಮೀನಾ, ಕೈಯಾ?"

"ಕೈ" ಎಂದ ಕೆಂಚೇಗೌಡ.