ಏಳನೇ ನಂಬರಿನ ನಡಿಗೆ

"ಏಳನೇ ನಂಬರ್ ಎಲ್ಲಿ?" ಪಂಢರಿನಾಥ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. "ಆರು ಆದಮೇಲೆ ನೇರ ಎಂಟು ಬಂದಿದೆ."

ರಂಜನಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಏಳನೇ ನಂಬರ್ ಯಾರೆಂಬುದು ಇಬ್ಬರಿಗೂ ಗೊತ್ತಿತ್ತು.

ಎಗ್ಮೋರ್ ಸ್ಟೇಷನ್ನಿನ ಹಿಂದಿದ್ದ ಆ ಫಿಸಿಯೊಥೆರಪಿ ಕಾಲೇಜಿನಲ್ಲಿ ಪಂಢರಿನಾಥ ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದರು. ರಂಜನಿ ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತ, ಬಿಡುವಿನಲ್ಲಿ ಕೆಳಗಿನ ತರಗತಿಗಳಿಗೆ ಕಲಿಸುತ್ತಿದ್ದಳು. ಬಹುಕಾಲ ಬೆನ್ನುನೋವು ಇದ್ದವರು ನಡೆಯುವಾಗ ಕೈ ಹೇಗೆ ಬೀಸುತ್ತಾರೆ, ಸೊಂಟ ಹೇಗೆ ತಿರುಗಿಸುತ್ತಾರೆ ಎಂಬುದು ಅವಳ ಸಂಶೋಧನೆ. ಹೋಲಿಸಿ ನೋಡಲು ಐವತ್ತೈದು ದಾಟಿದ ಇಪ್ಪತ್ತು ಮಂದಿ ಆರೋಗ್ಯವಂತರು ಬೇಕಾಗಿದ್ದರು. ಹೋದ ತಿಂಗಳು ಬರಬೇಕಾದವರೊಬ್ಬರು ಕೈಕೊಟ್ಟರು.

"ನನಗೆ ಐವತ್ತೆಂಟು. ಬೆನ್ನುನೋವು ಅಂದ್ರೆ ಏನೂಂತ ಗೊತ್ತಿಲ್ಲ. ನನ್ನನ್ನೇ ಹಾಕಿಕೊಳ್ಳಮ್ಮಾ," ಎಂದು ಪಂಢರಿನಾಥ ಅಂಗಿ ಬಿಚ್ಚಿ ನಿಂತಿದ್ದರು. ಗುರುಗಳ ಭುಜ, ಮೊಣಕೈ, ಮಣಿಕಟ್ಟುಗಳಿಗೆ ಕ್ಯಾಮೆರಾ ಗುರುತಿಸುವ, ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸುವಾಗ ರಂಜನಿಗೆ ಸಂಕೋಚವಾಗಿತ್ತು. ಹತ್ತು ಕ್ಯಾಮೆರಾಗಳ ನಡುವೆ, ಏಳನೇ ನಂಬರಾಗಿ, ಅವರು ಆರು ಸಲ ನಡೆದಿದ್ದರು.

ಅಂದು ಸಂಜೆ ಪರದೆಯ ಮೇಲೆ ಮುಖವಿಲ್ಲದ, ಚುಕ್ಕಿ ಮತ್ತು ಗೆರೆಗಳ ಮನುಷ್ಯ ನಡೆದು ಬಂದ. ಎಡಗೈ ಹಗುರಾಗಿ ಬೀಸುತ್ತಿತ್ತು. ಬಲಗೈ ಮೈಗೆ ಅಂಟಿಕೊಂಡೇ ಇತ್ತು. ಗುಂಡು ಸರಿದಿರಬೇಕು ಎಂದುಕೊಂಡಳು, ಸರಿದಿರಲಿಲ್ಲ. ಒಂದೇ ಕೈ ಬೀಸದಿದ್ದರೆ ಏನಿರಬಹುದೆಂದು ಅವಳೇ ತರಗತಿಯಲ್ಲಿ ಹೇಳಿಕೊಟ್ಟಿದ್ದಳು. ಬಿಗಿದ ಭುಜ ಇರಬಹುದು. ಕೈಕಾಲು ಬಿಗಿದು ನಡುಗಿಸುವ ಮಿದುಳಿನ ಕಾಯಿಲೆಯ ಮೊದಲ ಗುರುತೂ ಇರಬಹುದು. ಆರು ವರ್ಷ ಇದೇ ಮನುಷ್ಯನ ಹಿಂದೆ ವರಾಂಡಾದಲ್ಲಿ ನಡೆದವಳಿಗೆ ಇದು ಕಂಡೇ ಇರಲಿಲ್ಲ. ಇರಲಿಲ್ಲವೋ, ತಾನು ನೋಡಿರಲಿಲ್ಲವೋ? ಯೋಚಿಸಿದಷ್ಟೂ ಗೋಜಲಾಯಿತು. ಕೊನೆಗೆ ಏಳನೆಯದನ್ನು ಪಟ್ಟಿಯಿಂದ ತೆಗೆದು, ಕಾರಣದ ಜಾಗದಲ್ಲಿ 'ಕ್ಯಾಮೆರಾ ದೋಷ' ಎಂದು ಬರೆದಿದ್ದಳು.

ಈಗ ಪಂಢರಿನಾಥ ಅದನ್ನೇ ಓದುತ್ತಿದ್ದರು.

"ಇದು ಯಾರು ಬರೆದದ್ದು?"

"ನಾನಽ ಬರದೀನ್ರಿ, ಸರ್." ರಂಜನಿಯ ಅಪ್ಪ ಗದಗದಿಂದ ಪೆರಂಬೂರಿಗೆ ಬಂದ ರೈಲ್ವೆ ನೌಕರ, ಅವಳ ಕನ್ನಡ ಮನೆಯದು. ಕಾಲೇಜಿನಲ್ಲಿ ಅದು ಹೊರಬರುತ್ತಿದ್ದದ್ದು ಇವರೊಬ್ಬರ ಮುಂದೆ.

"ಅದೇ ದಿನ ಆರೂ ಸರಿ ಇದೆ, ಎಂಟೂ ಸರಿ ಇದೆ. ಏಳಕ್ಕೆ ಮಾತ್ರ ಕ್ಯಾಮೆರಾ ಕೆಟ್ಟುಹೋಯ್ತಾ? ಚುಮ್ಮಾ, ಏನೋ ಒಂದು ಬರೆಯೋದಾ?"

"ನಂಗ ಗೊತ್ತಾಗಲಿಲ್ರಿ."

"ಗೊತ್ತಾಗಲಿಲ್ಲ ಅಂದ್ರೆ ಹಾಗೇ ಬರಿ. ಅಳಿಸೋದು ಬೇರೆ." ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, "ಹಾಕು, ನೋಡೋಣ," ಎಂದರು.

ಚುಕ್ಕಿಗಳ ಮನುಷ್ಯ ನಡೆದ. ಪಂಢರಿನಾಥ ಮತ್ತೊಮ್ಮೆ ಹಾಕಿಸಿದರು. ಅವರ ಮುಖ ನೋಡಿ ರಂಜನಿಗೆ ಏನೂ ತಿಳಿಯಲಿಲ್ಲ. ಯಾವುದೋ ರೋಗಿಯನ್ನು ನೋಡುವಂತೆಯೇ ನೋಡುತ್ತಿದ್ದರು.

"ಬಲಗೈ," ಎಂದರು. "ಭುಜ ಇರಬಹುದು. ಹೋದ ವರ್ಷ ಸ್ಕೂಟರಿಂದ ಬಿದ್ದೆನಲ್ಲ. ಬಾ, ಪರೀಕ್ಷೆ ಮಾಡು."

ಅವರು ಮಂಚದ ಮೇಲೆ ಮಲಗಿದರು. ರಂಜನಿ ತೋಳನ್ನು ಮೇಲೆತ್ತಿದಳು, ಹೊರಕ್ಕೆ ತಿರುಗಿಸಿದಳು. ಎಲ್ಲಾದರೂ ತಡೆಯಲಿ, ನೋಯುತ್ತದೆ ಎನ್ನಲಿ ಎಂದು ಮನಸ್ಸು ಬೇಡುತ್ತಿತ್ತು. ಯಾರ ಭುಜವೂ ಬಿಗಿದಿರಲಿ ಎಂದು ಅವಳು ಹೀಗೆ ಆಸೆಪಟ್ಟವಳಲ್ಲ. ತೋಳು ಸಲೀಸಾಗಿ ಕೊನೆಯವರೆಗೂ ಹೋಯಿತು. ಮೊಣಕೈಯನ್ನು ನಿಧಾನವಾಗಿ ಮಡಚಿ ಬಿಡಿಸುವಾಗ ಏನೋ ತಡೆತಡೆದು ಬಿಟ್ಟಂತಾಯಿತು. ಇನ್ನೊಮ್ಮೆ ಮಡಚಿದಳು. ಅದು ಆ ಕಾಯಿಲೆಯ ಗುರುತೋ, ತನ್ನ ಭಯದ ಊಹೆಯೋ ಅವಳಿಗೆ ತಿಳಿಯಲಿಲ್ಲ.

"ಭುಜ ಛಲೋ ಅದರಿ, ಸರ್."

"ಹಾಗಾದ್ರೆ?"

ತರಗತಿಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆಯೇ. ಎಷ್ಟು ಹೊತ್ತಾದರೂ ಉತ್ತರವನ್ನು ತಾವು ಹೇಳುತ್ತಿರಲಿಲ್ಲ. ಈಗಲೂ ಹಾಗೆಯೇ ಕಾದರು. ಆಚೆ ಹಳಿಯ ಮೇಲೆ ತಾಂಬರಂ ಕಡೆಯ ಲೋಕಲ್ ರೈಲು ಹಾದುಹೋಗಿ ಕಿಟಕಿ ಅದುರಿತು.

"ನರದ ಡಾಕ್ಟರಿಗೆ ತೋರಸಬೇಕ್ರಿ."

ಅವರು ಎದ್ದು ಕುಳಿತರು. "ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಹದಿನೇಳು ದಿನಾರಿ."

"ಹದಿನೇಳು ದಿನ ದಿನಾ ನನ್ನ ಜೊತೆ ಕಾಫಿ ಕುಡಿದೆಯಲ್ಲಮ್ಮಾ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ದನಿಯಲ್ಲಿ ಇದ್ದದ್ದು ಸಿಟ್ಟೋ, ಬೇಸರವೋ, ಅಥವಾ ಅವರಿಗೆ ಮೊದಲೇ ಅನುಮಾನವಿತ್ತೋ? ಅವರು ಕಂಪ್ಯೂಟರಿನ ಮುಂದೆ ಕುಳಿತು 'ಕ್ಯಾಮೆರಾ ದೋಷ' ಅಳಿಸಿದರು. ಎಡಗೈಯ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, 'ಆರೋಗ್ಯವಂತರ ಗುಂಪಿಗೆ ಸೇರುವುದಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದರು.

"ಶುಕ್ರವಾರ ಡಾಕ್ಟರ ಹತ್ತಿರ ನೀನೇ ಜೊತೆಗೆ ಬಾ," ಎಂದರು. "ನೀರಜಾಗೆ ಆಮೇಲೆ ಹೇಳಿಕೊಳ್ತೀನಿ. ಏನು ಅಂತ ಗೊತ್ತಾಗದೆ ಹೆಂಡತಿಗೆ ಏನಂತ ಹೇಳಲಿ?"

ಶುಕ್ರವಾರ ಡಾಕ್ಟರು ಅವರಿಂದ ಬೆರಳು ತಟ್ಟಿಸಿದರು, ನಡೆಸಿದರು, ಒಂದು ಸಾಲು ಬರೆಸಿದರು. ಡಾಕ್ಟರು ಇನ್ನೂ ಮೂವತ್ತೈದು ದಾಟದ ಹುಡುಗಿ. ರಕ್ತದೊತ್ತಡ ನೋಡಿ, ತುಂಬ ಮರ್ಯಾದೆಯಿಂದ ತಮಿಳಿನಲ್ಲಿ, ಇರಬಹುದು, ಇಲ್ಲದೆಯೂ ಇರಬಹುದು, ಮಾತ್ರೆ ಕೊಟ್ಟು ಮೂರು ತಿಂಗಳು ನೋಡೋಣ ಎಂದರು. ಏನಾದರೊಂದು ಖಚಿತವಾಗುತ್ತದೆ ಎಂದು ಬಂದಿದ್ದ ರಂಜನಿಗೆ ಸಮಾಧಾನಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಪಂಢರಿನಾಥ ಥ್ಯಾಂಕ್ಸ್ ಹೇಳಿ ಹೊರಬಂದರು.

"ನಾಳೆ ಸೆಕೆಂಡ್ ಇಯರಿಗೆ ಏನು ಪಾಠ?"

"ನಡಿಗಿ ಪಾಠರಿ, ಸರ್. ಬೇಕಂದ್ರ ನಾನಽ ತಗೋತೀನಿ."

"ಬೇಡ. ನಾನೇ ಬರ್ತೀನಿ."

ಕಾಯುವವರ ಸಾಲು ಕುರ್ಚಿಗಳ ಪಕ್ಕ ನಿಂತು ಅವರು ಅಂಗಿಯ ಮಡಚಿದ್ದ ತೋಳುಗಳನ್ನು ಇಳಿಸಿಕೊಂಡರು. ಬಲತೋಳಿನ ಗುಂಡಿಯನ್ನು ಎಡಗೈ ಒಂದೇ ಸಲಕ್ಕೆ ಹಾಕಿತು. ಎಡತೋಳಿನ ಗುಂಡಿಯ ಸುತ್ತ ಬಲಗೈಯ ಬೆರಳುಗಳು ಸುತ್ತಿದವು, ಜಾರಿದವು, ಮತ್ತೆ ಸುತ್ತಿದವು. ದಿನವಿಡೀ ಬೇರೆಯವರ ಕೈ ಹಿಡಿದು ಸರಿಮಾಡುವ ರಂಜನಿ ಬ್ಯಾಗಿನ ಪಟ್ಟಿ ಹಿಡಿದು ನಿಂತೇ ಇದ್ದಳು. ಎದುರು ಗೋಡೆಯ ಮೇಲೆ ಟೋಕನ್ನಿನ ಕೆಂಪು ಅಂಕಿ ಹದಿನಾಲ್ಕರಿಂದ ಹದಿನೈದಕ್ಕೆ ಬದಲಾಯಿತು. ಯಾರೋ ಎದ್ದು ಒಳಗೆ ಹೋದರು.

ಪಂಢರಿನಾಥ ಆ ಅಂಕಿಯನ್ನೇ ನೋಡುತ್ತ, ಗುಂಡಿ ಹಾಕದ ಎಡಗೈಯನ್ನು ಅವಳ ಕಡೆ ಚಾಚಿದರು.