ಸುಯುಂಚು ಯಾರಿಗೆ

ಬುರುಲ್ಚಾ ಒಲೆಯ ಬಾಗಿಲು ತೆಗೆದಳು. ಚಿಮಣಿಗೆ ಏರಬೇಕಾದ ಹೊಗೆ ನೇರ ಅವಳ ಮುಖಕ್ಕೇ ನುಗ್ಗಿತು. ಹಿಂದೆ ತೊಟ್ಟಿಲಲ್ಲಿ ಜಾನಿಲ್ ಕೆಮ್ಮಿದಳು. ಎರಡು ತಿಂಗಳೂ ತುಂಬದ ಕೂಸು, ಕೆಮ್ಮಿದರೆ ಮುದುಕಿಯ ಹಾಗೆ ಮೈಯೆಲ್ಲ ಮುದುಡಿಕೊಳ್ಳುತ್ತಿತ್ತು.

“ಕಣ್ಣೊರೆಸ್ಕೊಂಡು ಬಂದು ಚಹಾ ಹಾಕು,” ಎಂದರು ಅತ್ತೆ ಬಾತ್ಮಾ ದೊಡ್ಡ ಕೋಣೆಯಿಂದ. “ಒಲೆ ಅಂದ್ಮೇಲೆ ಹೊಗೆ ಬರ್ದೆ ಇನ್ನೇನು ಹಾಲು ಬರುತ್ತಾ?”

ಬುರುಲ್ಚಾ ಮಗುವಿನೊಂದಿಗೆ ಮಲಗುವ ಹಿತ್ತಿಲ ಕೋಣೆಯನ್ನು ಬೆಚ್ಚಗಿಡುವ ಆ ಒಲೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಮಣ್ಣು ಮೆತ್ತಿ ಸಾಕಾಗಿತ್ತು. ಮಗುವನ್ನು ಈ ಹೊಗೆಯಲ್ಲಿ ಇಡಲೇಬೇಡ ಎಂದು ಊರ ದಾದಿ ಹೇಳಿ ಹೋಗಿದ್ದಳು. ಆಲೂಗಡ್ಡೆ ಕಿತ್ತು ಮುಗಿದಿತ್ತು, ಬೆಟ್ಟದ ತಲೆ ಆಗಲೇ ಬೆಳ್ಳಗಾಗಿತ್ತು. ಒಲೆ ಕಟ್ಟುವ ಮುಕಾಶ್ ಹಿಮ ಬೀಳುವ ಮುಂಚೆ ಬರುತ್ತೇನೆ ಎಂದಿದ್ದ. ಆದರೆ ಇಟ್ಟಿಗೆ, ಕಬ್ಬಿಣದ ತಟ್ಟೆ, ಬಾಗಿಲು ಮೊದಲು ತಂದಿಡಬೇಕು. ಕುರಿ ಮಾರಿದ ಹಣ ಕಲ್ಲಿದ್ದಲಿಗೂ ಒಣಹುಲ್ಲಿಗೂ ಆಗಿತ್ತು. ಗಂಡ ಕುಬಾತ್ ಕಣಿವೆಯ ಆಚೆ ರಸ್ತೆ ಕೆಲಸದಲ್ಲಿದ್ದ, ಅವನ ಸಂಬಳ ಹಳೆಯ ಕಾರಿನ ಕಂತಿಗೆ ಹೋಗುತ್ತಿತ್ತು. ಉಳಿದದ್ದು ಒಂದೇ, ಮಗು ಹುಟ್ಟಿದ್ದಕ್ಕೆ ಸರ್ಕಾರ ಒಂದು ಸಲ ಕೊಡುವ ಹಣ.

ಯಾವ ಪುಣ್ಯಾತ್ಮ ಆ ಹಣಕ್ಕೆ ಹೆಸರಿಟ್ಟನೋ! ಮಗುವಿನ ಹಣ ಎನ್ನಬಹುದಿತ್ತು, ಹಾಲಿನ ಹಣ ಎನ್ನಬಹುದಿತ್ತು. ಎಲ್ಲ ಬಿಟ್ಟು ‘ಮಗುವಿನ ಸುಯುಂಚು’ ಎಂದಿಟ್ಟಿದ್ದರು. ಸುಯುಂಚು ಎಂದರೆ ಒಳ್ಳೆಯ ಸುದ್ದಿ ತಂದವನಿಗೆ ಕೊಡುವ ಉಡುಗೊರೆ. ಸುದ್ದಿ ತರುವವನು “ಸುಯುಂಚು!” ಎಂದು ಕೂಗುತ್ತಲೇ ಬರಬೇಕು, ಕೇಳಿಸಿಕೊಂಡವನು ಕೈಯಲ್ಲಿದ್ದದ್ದನ್ನು ಕೊಡಬೇಕು. ಜಾನಿಲ್ ಹುಟ್ಟಿದ ದಿನ ಹಾಗೆ ಕೂಗುತ್ತ ಕುದುರೆ ಓಡಿಸಿಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೋದವನು ಮೈದುನ ತಾಲಾಯ್. ಅಲ್ಲಿ ಕುರಿಗಳ ನಡುವೆ ನಿಂತಿದ್ದ ಮಾವ ಜುಮಾಲಿ ಹಿಗ್ಗಿ ಹೀರೇಕಾಯಿಯಾಗಿ, “ಸರ್ಕಾರ ಸುಯುಂಚು ಕೊಡುತ್ತಲ್ಲ, ಅದು ನಿಂದೇ ಕಣೋ!” ಎಂದುಬಿಟ್ಟಿದ್ದರು. ಸುತ್ತಲಿನ ಡೇರೆಗಳವರೆಲ್ಲ ಕೇಳಿಸಿಕೊಂಡಿದ್ದರು.

ಅಂದಿನಿಂದ ಮನೆಯಲ್ಲಿ ಚಹಾಕ್ಕೆ ಕೂತರೆ ಇದೇ ಮಾತು. ಚಹಾ ಸುರಿಯುವುದು ಸೊಸೆಯ ಕೆಲಸ. ಬಟ್ಟಲಿಗೆ ಅರ್ಧ ಅರ್ಧ ಸುರಿದು ಎಲ್ಲರಿಗೂ ದಾಟಿಸುತ್ತ ಬುರುಲ್ಚಾ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

“ನಮ್ಮ ತಂಡದಲ್ಲಿ ಎಲ್ರೂ ಅಂಗಿ ಹೊಲಿಸಿದಾರೆ,” ಎಂದ ತಾಲಾಯ್. ಕುದುರೆ ಮೇಲೆ ಕೂತು ಆಡಿನ ಮುಂಡಕ್ಕೆ ಕಿತ್ತಾಡುವ ಆಟದ ಹುಚ್ಚು ಅವನಿಗೆ. ಇಪ್ಪತ್ತಾರು ವರ್ಷವಾದರೂ ಬೇರೆ ಹುಚ್ಚು ಹಿಡಿದಿರಲಿಲ್ಲ. “ಬೆನ್ನ ಮೇಲೆ ಹೆಸರು ಬರುತ್ತೆ. ನಾನೊಬ್ನೇ ಅಪ್ಪನ ಹಳೇ ಸ್ವೆಟರ್ ಹಾಕ್ಕೊಂಡು ಆಡ್ಲಾ?”

“ಬೆನ್ನ ಮೇಲೆ ಹೆಸರು ಯಾಕೋ? ಬಿದ್ದಾಗ ಯಾರ ಮನೆಗೆ ಹೊತ್ಕೊಂಡು ಹೋಗ್ಬೇಕು ಅಂತ ಗೊತ್ತಾಗ್ಲಿ ಅಂತಲಾ?” ಎಂದರು ಬಾತ್ಮಾ. “ಆ ದುಡ್ಡು ತೊಟ್ಟಿಲ ಊಟಕ್ಕೆ. ಇಷ್ಟು ದಿನ ಆದ್ರೂ ಊರಿಗೊಂದು ಊಟ ಹಾಕಿಲ್ಲ. ಬಾವಿ ಹತ್ರ ಹೆಂಗಸ್ರು ನನ್ನ ಮುಖ ನೋಡಿ ಕೆಮ್ತಾರೆ.”

“ಮಾತು ಕೊಟ್ಟಿದೀನಿ,” ಎಂದರು ಜುಮಾಲಿ ಬ್ರೆಡ್ಡು ಮುರಿಯುತ್ತ. “ಹತ್ತು ಜನರ ಮುಂದೆ ಕೊಟ್ಟಿದೀನಿ.”

“ನಿಮ್ಮ ಮಾತಲ್ಲಿ ಬೋರ್ಸೋಕ್ ರೊಟ್ಟಿ ಕರಿಯೋಕಾಗುತ್ತಾ? ಅದಕ್ಕೆ ಎಣ್ಣೆ ಬೇಕು.”

ಬುರುಲ್ಚಾ ಅತ್ತೆಯ ಕಡೆ ತಿರುಗಿದಳು. “ಅಪಾ, ಹಿತ್ತಿಲ ಕೋಣೆ ಒಲೆ…”

“ಒಲೆ ಎಲ್ಲಿಗೂ ಓಡಿ ಹೋಗಲ್ಲ, ಮಗಳೇ. ನಿಮ್ಮ ಮಾವನಿಗೆ ಚಹಾ ಹಾಕು.”

ಅವಳು ಹಲ್ಲು ಕಚ್ಚಿಕೊಂಡು ಚಹಾ ಹಾಕಿದಳು. ಆಮೇಲೆ ದನದ ಕೊಟ್ಟಿಗೆಗೆ ಹೋಗಿ, ಸಿಗ್ನಲ್ ಸಿಗುವ ಮೂಲೆಯಲ್ಲಿ ಡಬ್ಬದ ಮೇಲೆ ಹತ್ತಿ ನಿಂತು ಕುಬಾತ್‌ಗೆ ಫೋನ್ ಮಾಡಿದಳು. ಎಲ್ಲ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ.

“ದೊಡ್ಡೋರು ಏನೋ ಒಂದು ತೀರ್ಮಾನ ಮಾಡ್ತಾರೆ ಬಿಡು,” ಎಂದ.

“ಮಗು ಕೆಮ್ತಾ ಇದೆ ಅಂತಿದೀನಿ.”

“ಹೌದಾ? ಬೆಣ್ಣೆ ಹಚ್ಚು ಎದೆಗೆ.”

ಫೋನನ್ನು ಹಸುವಿನ ಬಾಯಿಗೆ ಹಾಕಿಬಿಡೋಣ ಎನ್ನಿಸಿತು ಬುರುಲ್ಚಾಗೆ.

ಹಣ ಬಂದಿದೆ ಎಂದು ಅಂಚೆ ಕಚೇರಿಯಿಂದ ಹೇಳಿಕಳಿಸಿದ ದಿನ ಅವಳು ಮಗುವನ್ನು ಸುತ್ತಿಕೊಂಡು ಒಬ್ಬಳೇ ಹೊರಡಲು ನೋಡಿದಳು. ಬಾಗಿಲು ದಾಟುವಷ್ಟರಲ್ಲಿ ಮಾವ ಬಿಳಿಯ ಟೋಪಿ ಹಾಕಿಕೊಂಡು ನಿಂತಿದ್ದರು. ಕೊಟ್ಟ ಮಾತು ಎಲ್ಲರ ಕಣ್ಣೆದುರಿಗೇ ನಡೆಯಬೇಕಂತೆ. ತಾಲಾಯ್ ಕೂದಲು ಬಾಚಿಕೊಂಡಿದ್ದ. ಅತ್ತೆ ಹೊಸ ರುಮಾಲು ಕಟ್ಟಿ, ಎಣ್ಣೆ ತರಲು ಖಾಲಿ ಡಬ್ಬಿಯನ್ನೂ ಹಿಡಿದಿದ್ದರು. ಪಕ್ಕದ ಮನೆಯ ಕಾರಿನಲ್ಲಿ ಎಲ್ಲರೂ ಒತ್ತಿಕೊಂಡು ಕೂತರು. ಡಬ್ಬಿ ಬುರುಲ್ಚಾಳ ಮೊಣಕಾಲಿಗೆ ಒತ್ತುತ್ತಿತ್ತು.

ಅಂಚೆ ಕಚೇರಿಯಲ್ಲಿ ಅಂದೇ ಪಿಂಚಣಿಯ ದಿನವೂ ಆಗಿ ಮುದುಕ ಮುದುಕಿಯರು ಗೋಡೆಯುದ್ದಕ್ಕೂ ಕೂತಿದ್ದರು. ಅವರ ಸರದಿ ಬಂದಾಗ ಗಾಜಿನ ಹಿಂದಿನ ಹೆಂಗಸು ಬುರುಲ್ಚಾಳ ಸಹಿ ತೆಗೆದುಕೊಂಡು, ನೋಟುಗಳನ್ನು ಎಣಿಸಿ ಕಿಂಡಿಯ ಕಡೆಗೆ ತಳ್ಳಿದಳು. ಕಿಂಡಿಯ ಮುಂದೆ ಒಟ್ಟಿಗೆ ಮೂರು ಕೈ ಬಂದವು.

“ಇದೇನ್ರೀ,” ಎಂದಳು ಅವಳು ನೋಟಿನ ಮೇಲೆ ಅಂಗೈ ಊರಿ, “ಈ ಮಗುವಿಗೆ ಮೂರು ಜನ ತಾಯಂದಿರಾ? ಅದ್ರಲ್ಲಿ ಒಬ್ರಿಗೆ ಮೀಸೆ ಬೇರೆ ಇದೆ!”

ಗೋಡೆಯ ಪಕ್ಕದ ಸಾಲು ನಕ್ಕಿತು. ತಾಲಾಯ್ ಮೀಸೆ ಮುಟ್ಟಿಕೊಂಡು, “ಸುದ್ದಿ ತಂದೋನು ನಾನು ಕಣಕ್ಕ. ಸುಯುಂಚು ನಂದು. ಬೇಕಾದ್ರೆ ನಮ್ಮಪ್ಪನ್ನೇ ಕೇಳಿ,” ಎಂದ.

“ಹೌದು, ಮಾತು ಕೊಟ್ಟಿದೀನಿ,” ಎಂದರು ಜುಮಾಲಿ.

“ಅಪ್ಪ ಮಗ ಸೇರಿ ನನ್ನ ಮಾನ ಕಳೀತೀರಾ,” ಎಂದು ಬಾತ್ಮಾ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದರು.

ಆ ಸದ್ದಿಗೆ ಜಾನಿಲ್ ಎಚ್ಚರಾಗಿ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಪುಟ್ಟ ಮುಖ ಕೆಂಪೇರಿತು. ಬುರುಲ್ಚಾ ಮಗುವನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತ, ತಲೆ ತಗ್ಗಿಸಿಕೊಂಡೇ, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

“ಸುದ್ದಿ ತಂದೋಳು ನಾನು.”

ಮಾವನ ಎದುರು ಸೊಸೆ ದನಿ ಎತ್ತುವುದೆಂದರೆ! ಸಾಲಿನವರೆಲ್ಲ ಕತ್ತು ಚಾಚಿದರು.

“ಹೆರಿಗೆ ಮಂಚದಿಂದ ಫೋನ್ ಮಾಡಿದ್ದು ನಾನು. ಈ ಮೈದುನನಿಗೆ ಹೇಳಿದ್ದು ನಾನು. ಇವರು ಉಪ್ಪು ತರೋಕೆ ಊರಿಗೆ ಬಂದಿದ್ರು, ಫೋನ್ ಎತ್ಕೊಂಡ್ರು, ಅಷ್ಟೇ. ಒಂಬತ್ತು ತಿಂಗಳು ಈ ಸುದ್ದೀನ ಹೊತ್ಕೊಂಡು ತಿರುಗಿದ್ದು ಯಾರು? ಕುದುರೇನಾ?”

“ಜೆಂಗೆ, ಅದು ಹಾಗಲ್ಲ…” ಎಂದು ಅತ್ತಿಗೆಯನ್ನು ತಡೆದ ತಾಲಾಯ್.

“ನೀವು ಸುಮ್ನಿರಿ,” ಎಂದು ಬುರುಲ್ಚಾ ಮಾವನ ಕಡೆ ತಿರುಗಿದಳು. “ಅತಾ, ನಿಮ್ಮ ಮಾತು ಮುರೀಬೇಕು ಅಂತ ನಾನು ಹೇಳ್ತಿಲ್ಲ. ಸುಯುಂಚು ಅಂದ್ರೆ ಕೈಯಲ್ಲಿದ್ದದ್ದನ್ನ ಕೊಡೋದು ತಾನೆ? ಅವತ್ತು ಈ ದುಡ್ಡು ನಿಮ್ಮ ಕೈಯಲ್ಲಿತ್ತಾ?”

ಜುಮಾಲಿ ಟೋಪಿ ಸರಿಪಡಿಸಿಕೊಂಡರು. ಗೋಡೆಯ ಪಕ್ಕದಲ್ಲಿದ್ದ ಅವರ ವಯಸ್ಸಿನವನೊಬ್ಬ ಕೋಲು ಊರಿ ಮುಂದೆ ಬಾಗಿದ. ಆತನೂ ಆ ದಿನ ಹುಲ್ಲುಗಾವಲಿನಲ್ಲಿದ್ದವನೇ.

“ಸೊಸೆ ಕೇಳೋದು ಸರಿ ಇದೆ ಕಣೋ ಜುಮಾಲಿ. ಇಲ್ಲದ್ದನ್ನ ಕೊಡ್ತೀನಿ ಅಂದೋನು ನೀನು. ಅವತ್ತು ನಿನ್ನ ಕೈಯಲ್ಲಿ ಏನಿತ್ತು, ನೆನಪು ಮಾಡ್ಕೋ.”

“ಏನೂ ಇರ್ಲಿಲ್ಲ.”

“ಚಾಟಿ ಇತ್ತು.”

ಜುಮಾಲಿಯ ಕೈ ತಾನಾಗಿ ಬೂಟಿನ ಕಡೆ ಹೋಯಿತು. ಬೆಳ್ಳಿ ಕಟ್ಟಿನ ಹಿಡಿಯಿದ್ದ, ಅವರ ತಂದೆಯ ಕಾಲದ ಚಾಟಿ ಅಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಅವರು ಕುದುರೆಗೂ ಬೀಸುತ್ತಿರಲಿಲ್ಲ, ಸವೆದೀತೆಂದು. ಅವರು ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಇನ್ನೂ ಕೆಮ್ಮುತ್ತಿದ್ದ ಮಗುವನ್ನು ನೋಡಿದರು. ಚಾಟಿಯನ್ನು ಎಳೆದು ತಾಲಾಯ್‌ನ ಎದೆಗೆ ಒತ್ತಿದರು.

“ತಗೋ. ಕಳೆದ್ರೆ ಮನೆಗೆ ಬರ್ಬೇಡ.”

“ಇದನ್ನ ಹಾಕ್ಕೊಂಡು ಆಡೋಕಾಗುತ್ತಾ ಅಪ್ಪಾ?”

“ಕೊಡು ಹಾಗಾದ್ರೆ ಇಲ್ಲಿ!”

ತಾಲಾಯ್ ಚಾಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಗಾಜಿನ ಹಿಂದಿನ ಹೆಂಗಸು ನೋಟುಗಳನ್ನು ಬುರುಲ್ಚಾಳ ಕೈಗೇ ಇಟ್ಟು, “ಮುಂದಿನವರು ಬನ್ನಿ. ನಮ್ಮಲ್ಲಿ ಪಂಚಾಯ್ತಿಗೆ ಬೇರೆ ಕಿಂಡಿ ಇಲ್ಲ,” ಎಂದಳು.

ಬುರುಲ್ಚಾ ಹಣವನ್ನು ಅಂಗಿಯೊಳಗೆ ಸೇರಿಸಿ, ಯಾರ ಮುಖವನ್ನೂ ನೋಡದೆ ಎದುರಿನ ಕಬ್ಬಿಣದ ಅಂಗಡಿಗೆ ನಡೆದಳು. ತಟ್ಟೆಗೂ ಬಾಗಿಲಿಗೂ ಅಂಗಡಿಯವನು ಮುಕಾಶ್ ಹೇಳಿದ್ದಕ್ಕಿಂತ ಹೆಚ್ಚು ಕೇಳಿದ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ, ಇದ್ದ ಮಾತೆಲ್ಲ ಅಂಚೆ ಕಚೇರಿಯಲ್ಲೇ ಮುಗಿದಿತ್ತು. ಆಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

“ಇಷ್ಟು ತೆಳ್ಳಗಿನ ತಟ್ಟೆಗೆ ಅಷ್ಟು ದುಡ್ಡಾ? ಇದ್ರ ಮೇಲೆ ರೊಟ್ಟಿ ಸುಟ್ರೆ ರೊಟ್ಟಿಗಿಂತ ಮುಂಚೆ ತಟ್ಟೇನೇ ಬೆಂದು ಹೋಗುತ್ತೆ. ಒಳಗಿರೋದನ್ನ ತೆಗಿ.”

ಅವರು ಸೊಸೆಯನ್ನು ನೋಡಲಿಲ್ಲ. ದಪ್ಪದ ತಟ್ಟೆ ಬಂತು, ಬೆಲೆಯೂ ಇಳಿಯಿತು. ಕಾರಿನಲ್ಲಿ ಇಟ್ಟಿಗೆ ತುಂಬಿದಾಗ ತಾಲಾಯ್‌ಗೆ ಜಾಗ ಉಳಿಯಲಿಲ್ಲ. ಅವನು ಚಾಟಿ ತಿರುಗಿಸುತ್ತ ನಡೆದೇ ಬಂದ.

ದಾರಿಯುದ್ದಕ್ಕೂ ಬಾತ್ಮಾ ಕಿಟಕಿಯಾಚೆ ನೋಡುತ್ತ ಮಾತಾಡಿದರು. “ಹತ್ತು ಜನರ ಮುಂದೆ ಮಾವನ ಬಾಯಿ ಮುಚ್ಚಿಸ್ತಾಳೆ. ನಾನು ಸೊಸೆಯಾಗಿ ಬಂದಾಗ ಮೂರು ವರ್ಷ ನನ್ನ ದನಿ ಹೇಗಿದೆ ಅಂತ ಈ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ.”

“ಆಮೇಲೆ ಗೊತ್ತಾಯ್ತಲ್ಲ,” ಎಂದರು ಜುಮಾಲಿ ಮುಂದಿನ ಸೀಟಿನಿಂದ.

ಮುಕಾಶ್ ಬರುವ ದಿನ ಬುರುಲ್ಚಾ ಅಂಗಳದಲ್ಲಿ ಮಣ್ಣಿಗೆ ನೀರು ಹುಯ್ದು, ಕತ್ತರಿಸಿದ ಹುಲ್ಲು ಬೆರೆಸಿ ತುಳಿಯುತ್ತಿದ್ದಳು. ಮಣ್ಣು ಮಂಜಿನಷ್ಟು ತಣ್ಣಗಿತ್ತು, ಪಾದಗಳಲ್ಲಿ ಸ್ಪರ್ಶವೇ ಇರಲಿಲ್ಲ. ಬಾತ್ಮಾ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

“ಹುಲ್ಲು ಸಾಲ್ದು.”

“ಹಾಕ್ತೀನಿ ಅಪಾ.”

“ಹೀಗೆ ತುಳಿದ್ರೆ ಮುಂದಿನ ವರ್ಷಾನೂ ಬಿರುಕು ಬಿಡುತ್ತೆ. ಆಗ ಸರ್ಕಾರದ ಹತ್ರ ಹೋಗಿ ಇನ್ನೊಂದು ಸುಯುಂಚು ಕೇಳ್ತೀಯಾ?”

ಬುರುಲ್ಚಾ ಇನ್ನೂ ಜೋರಾಗಿ ತುಳಿದಳು. ಇನ್ನೊಂದು ಮಾತು ಬಂದರೆ ಮಣ್ಣನ್ನೇ ಎತ್ತಿ ಒಗೆದುಬಿಡುತ್ತೇನೇನೋ ಎಂದು ಅವಳಿಗೇ ಭಯವಾಯಿತು. ಅತ್ತೆ ಗೊಣಗುತ್ತಲೇ ಬೂಟು ಕಳಚಿದರು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಣ್ಣಿಗೆ ಇಳಿದರು.

“ಅಯ್ಯಪ್ಪಾ, ಎಷ್ಟು ತಣ್ಣಗಿದೆ! ಬಿಸಿನೀರು ಹುಯ್ಯೋಕೂ ಗೊತ್ತಾಗಲ್ವಾ ನಿಂಗೆ? ಹೋಗು, ಹಂಡೆ ತಗೊಂಬಾ.”