ಕಲ್ಲಿನ ಹಿಟ್ಟು ತರಿಯಾಗಿರಲಿ

ಕೆ.ಆರ್. ಪೇಟೆಯಲ್ಲಿ ತಿಮ್ಮೇಶನ ಮಿಲ್ಲಿನ ರಾಗಿಹಿಟ್ಟಿಗೆ ಹೆಸರಿತ್ತು. ತರಿತರಿ ಹಿಟ್ಟನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಮಿಲ್ಲು ಮುಚ್ಚಿ, ಬೆಳ್ಳೂರು ಕ್ರಾಸಿನ ಹತ್ತಿರ ಕಲ್ಲಿನಿಂದ ಲಿಥಿಯಂ ಬೇರ್ಪಡಿಸಿ ಪರೀಕ್ಷಿಸುವ ಶೆಡ್ಡಿಗೆ ಸೇರಿದ ಮೇಲೂ ಆ ಜಂಬ ಇಳಿಯಲಿಲ್ಲ. ಕಬ್ಬಿಣದ ಗುಂಡು ತುಂಬಿದ, ತಿರುಗುವ ಡ್ರಮ್ಮಿನಲ್ಲಿ ಕಲ್ಲು ಅರೆಯುವುದು ಅಲ್ಲಿ ಅವನ ಕೆಲಸ.

ಅರೆದದ್ದನ್ನು ರಂಜಿತ ಎಂಬ ಕೆಮಿಸ್ಟು ನೀರಿನ ತೊಟ್ಟಿಗೆ ಸುರಿದು, ಒಂದು ಬಗೆಯ ಎಣ್ಣೆ ಬೆರೆಸಿ, ಗಾಳಿ ಊದಿಸುತ್ತಿದ್ದಳು. ಲಿಥಿಯಂ ಇರುವ ಕಣಕ್ಕೆ ಎಣ್ಣೆ ಹತ್ತಿದರೆ ಅದು ನೀರಿನ ಸಹವಾಸ ಬಿಟ್ಟು ಗುಳ್ಳೆಗೆ ಅಂಟಿಕೊಂಡು ಮೇಲೆ ಬರಬೇಕು, ಮಿಕ್ಕ ಕಲ್ಲು ತಳದಲ್ಲೇ ಕೂರಬೇಕು. ಬರುತ್ತಿದ್ದದ್ದು ಮಾತ್ರ ಬೂದುಬಣ್ಣದ ಅಂಟು ನೊರೆ. ಅವಳು ಎಣ್ಣೆ ಹೆಚ್ಚಿಸಿದಳು, ಸೋಡಾ ಹಾಕಿ ನೋಡಿದಳು. ಊಹೂಂ. ಪಾಂಡವಪುರದ ಆ ಹುಡುಗಿ ಊಟ ಬಿಟ್ಟು ನಿಂತಿರುವುದನ್ನು ಕಂಡು ತಿಮ್ಮೇಶನ ಕರುಳು ಚುರುಕ್ಕೆಂದಿತು. ಮೊದಲಿನಿಂದಲೂ ಅವಳು ಹೇಳಿದ್ದಕ್ಕಿಂತ ಕೊಂಚ ಹೆಚ್ಚೇ ಅರೆಯುತ್ತಿದ್ದವನು, ಕೈಲಾದ ಸಹಾಯವೆಂದು ಇನ್ನೂ ಹೆಚ್ಚು ಹೊತ್ತು ಡ್ರಮ್ಮು ತಿರುಗಿಸಿ ನುಣ್ಣಗೆ ಮಾಡಿ ಕೊಡತೊಡಗಿದ. ಹೇಳಲಿಲ್ಲ. ಮಾಡಿದ ಉಪಕಾರಕ್ಕೆಲ್ಲ ತಮಟೆ ಹೊಡೆಯುವುದುಂಟೇ?

ಕೊನೆಗೆ ಒಂದೇ ಮೂಟೆ ಕಲ್ಲು ಉಳಿಯಿತು. ರಂಜಿತ ಸ್ಟೂಲಿನ ಮೇಲೆ ಕುಸಿದಳು.

“ಇದೂ ಕೆಟ್ರೆ ಶೆಡ್ಡು ಮುಚ್ತಾರಂತೆ ತಿಮ್ಮೇಶಣ್ಣ. ನುಣ್ಣಗಾದ್ರೆ ಧೂಳೇ ಎಣ್ಣೆನೆಲ್ಲ ಕುಡ್ಕಂಬುಡ್ತದೆ ಅಂತ ನೋಡ್ಕಂಡೇ ಟೈಮು ಹೇಳಿದ್ದೆ. ನನ್ನ ಲೆಕ್ಕಾನೇ ತಪ್ಪೇನೋ.”

ತಿಮ್ಮೇಶ ಡ್ರಮ್ಮಿನ ಕಡೆ ನೋಡಿದ. ಸುಮ್ಮನಿದ್ದರೆ ತಪ್ಪು ಅವಳ ತಲೆಗೆ, ಬಾಯಿಬಿಟ್ಟರೆ ತನ್ನ ಕೆಲಸಕ್ಕೇ ಸಂಚಕಾರ. ಅವಳ ಕಣ್ಣು ತುಂಬಿದ್ದನ್ನು ನೋಡಲಾಗಲಿಲ್ಲ.

“ನಿನ್ ಲೆಕ್ಕ ಸರಿಯಾಗೇ ಅದೆ ಕಣವ್ವ. ನಾನೇ ಜಾಸ್ತಿ ಅರ್ದುಬುಟ್ಟೆ. ತರಿ ಹಿಟ್ಟು ಕೊಡಾಕೆ ನಾಚ್ಕೆ ಆಯ್ತಿತ್ತು.”

ರಂಜಿತಳ ಮುಖ ಕೆಂಪಾಯಿತು.

“ಅಲ್ಲಣ್ಣ, ನಾನೇನು ಮುದ್ದೆ ತೊಳಸಾಕೆ ಕೇಳಿದ್ನಾ?” ಎಂದು ಕೂಗಿದವಳು ಮೂಟೆಯನ್ನು ಅವನತ್ತ ತಳ್ಳಿದಳು. “ಇದ್ನ ಅರೆ. ನಾನು ಹೇಳ್ದಷ್ಟೇ ಹೊತ್ತು.”

ಗಡಿಯಾರ ನೋಡಿಕೊಂಡೇ ಅರೆದ. ಡ್ರಮ್ಮು ನಿಲ್ಲಿಸುವಾಗ ಜೀವ ಚಡಪಡಿಸಿತು. ಬೆರಳಿಗೆ ತರಿ ಸಿಕ್ಕಿತು, ಮರ್ಯಾದೆ ಹೋದಂತಾಯಿತು. ಆದರೂ ಕೊಟ್ಟ.

ಈ ಸಲ ಅವಳು ಎಣ್ಣೆ ಕೊಂಚವೇ ಹಾಕಿ ಗಾಳಿ ಬಿಟ್ಟಳು. ಮೊದಲು ಬರೀ ಗುಳ್ಳೆ. ಆಮೇಲೆ ಲಿಥಿಯಂ ಇರುವ ತಿಳಿಹಸಿರು ಕಣಗಳು ಮುತ್ತಿಕೊಂಡ ದಪ್ಪ ನೊರೆ ಉಕ್ಕಿ ಅಂಚಿಗೆ ಬಂತು. ತಿಮ್ಮೇಶ ತೊಟ್ಟಿಗೆ ಬಗ್ಗಿದ.

“ಕಲ್ಲು ತೇಲ್ತಾ ಅದಲ್ಲವ್ವಾ!”

ರಂಜಿತ ಆಗಲೇ ಮಾಲೀಕರಿಗೆ ಫೋನು ಮಾಡಿದ್ದಳು.

“ಬಂತು ಸಾರ್! ಇನ್ನೊಂದು ಲೋಡು ಕಲ್ಲು ಕಳ್ಸಿ. ಅರೆಯಾಕೆ ನಮ್ಮಣ್ಣ ಅವ್ರೆ.”

ಕೆಲಸ ಹೋಯಿತೆಂದೇ ತಿಳಿದಿದ್ದ ತಿಮ್ಮೇಶ ಗೋಡೆಯ ಕಡೆ ತಿರುಗಿ ಟವಲಿನಿಂದ ಮುಖ ಒರೆಸಿಕೊಂಡ.